ಮೊದಲ ಸಹಿ ಯಾರದು?

ಪದವಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನಡೆಯಬೇಕು, ನಡೆದರೆ ನಾನೂ ನಿಲ್ಲುತ್ತೇನೆ ಎಂದಾಗಿನಿಂದ ಮನೆಯಲ್ಲೂ ಕಾಲೇಜಿನಲ್ಲೂ ಬುದ್ಧಿಮಾತು ಕೇಳುತ್ತಿದ್ದೇನೆ. ಹೇಳುವವರೆಲ್ಲ ನನ್ನ ಒಳ್ಳೆಯದನ್ನೇ ಬಯಸುವವರು. ಆದರೂ ಅವರ ಮಾತು ಒಪ್ಪಲಾರೆ.

"ಓದೋ ವಯಸ್ಸಲ್ಲಿ ಓದಮ್ಮ, ಲೀಡರಿಕೆ ಆಮೇಲೆ" ಅನ್ನುತ್ತಾರೆ ಚಿಕ್ಕಪ್ಪ. ಕಾಲೇಜು ಚುನಾವಣೆಗೆ ನಿಯಮ ರೂಪಿಸಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಜಾರಿಗೆ ತಂದಿದೆ. ಶೇ 75 ಹಾಜರಾತಿ ಇಲ್ಲದವರು, ಹಿಂದಿನ ವಿಷಯ ಬಾಕಿ ಉಳಿಸಿಕೊಂಡವರು ನಿಲ್ಲುವಂತೆಯೇ ಇಲ್ಲ. ಓದದವರಿಗೆ ಅಲ್ಲಿ ಜಾಗವಿಲ್ಲ ಚಿಕ್ಕಪ್ಪ.

ಹೊಡೆದಾಟದ ಭಯ ಇದಕ್ಕಿಂತ ದೊಡ್ಡದು, ಅದನ್ನು ತಳ್ಳಿಹಾಕುವುದಿಲ್ಲ. ಗಲಾಟೆ, ಜಾತಿ, ಹಣ ಎಲ್ಲ ಕ್ಯಾಂಪಸ್ಸಿಗೆ ಬಂದದ್ದರಿಂದಲೇ 1980ರ ದಶಕದ ಕೊನೆಗೆ ನಮ್ಮ ರಾಜ್ಯದಲ್ಲಿ ಈ ಚುನಾವಣೆಗಳು ನಿಂತವು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989ರಲ್ಲಿ, ದೇಶ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಎಂ.ಪಿ.ಯನ್ನು ಆರಿಸುವ ವಿವೇಕ ನಮಗಿದೆ ಎಂದವರೇ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲು ನಮ್ಮನ್ನು ನಂಬುವುದಿಲ್ಲ. ಇವತ್ತಿನ ನಿಯಮದಲ್ಲಿ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಅಂಟಿಸುವಂತಿಲ್ಲ, ಕೈಯಲ್ಲೇ ಬರೆಯಬೇಕು. ನಿಯಮ ಮುರಿದವರನ್ನು ಅನರ್ಹಗೊಳಿಸಿ. ಮುರಿಯದವರ ಮತವನ್ನೂ ಯಾಕೆ ಕಿತ್ತುಕೊಳ್ಳುತ್ತೀರಿ?

ನಮ್ಮ ಅಧ್ಯಾಪಕರೊಬ್ಬರ ವಾದ ಬೇರೆ: "ತರಗತಿ ಪ್ರತಿನಿಧಿಗಳಿದ್ದಾರಲ್ಲ, ಸಾಲದೆ?" ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ನಮ್ಮಲ್ಲಿ ಹಿಂದಿನ ಸೆಮಿಸ್ಟರ್‌ನಲ್ಲಿ ಹೆಚ್ಚು ಅಂಕ ತೆಗೆದವರನ್ನು ಪ್ರತಿನಿಧಿಯೆಂದು ಪ್ರಾಂಶುಪಾಲರೇ ನೇಮಿಸುತ್ತಾರೆ. ಹೋದ ವರ್ಷ ಹುಡುಗಿಯರ ಶೌಚಾಲಯಕ್ಕೆ ನೀರು ನಿಂತುಹೋಗಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹಳ್ಳಿ ಬಿಟ್ಟವರು ಸಂಜೆ ಮನೆ ಸೇರುವವರೆಗೂ ತಡೆದುಕೊಳ್ಳಬೇಕು. ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಕೊನೆಗೆ ಅರ್ಜಿ ಬರೆದೆವು. 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿಯರು' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಹಾಳೆ ಬೆಂಚಿನಿಂದ ಬೆಂಚಿಗೆ ಹೋಗಿ ವಾಪಸ್ ಬಂದಾಗ ಕೆಳಗಿನ ಮೂಲೆಯಲ್ಲಿ ನಾಲ್ಕಾರು ಸಹಿಗಳಿದ್ದವು. ಮೇಲಿನ ಜಾಗವನ್ನೆಲ್ಲ ಬೇರೆ ಯಾರೋ ಹಾಕಲಿ ಎಂದು ಬಿಟ್ಟಿದ್ದರು. ಇಂಟರ್ನಲ್ ಅಂಕ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಪ್ರತಿನಿಧಿಯನ್ನು ಕೇಳಿದರೆ, "ನನ್ನನ್ನು ನೇಮಿಸಿದ್ದೇ ಅವರು ಕಣೇ, ನಾನ್ಹೇಗೆ ಕೇಳಲಿ" ಎಂದಳು. ಅವಳನ್ನು ದೂರುವುದಿಲ್ಲ. ಅವಳ ಬೆನ್ನಿಗೆ ಯಾರಿದ್ದರು? ನೂರಾರು ಮತ ಪಡೆದು ಬಂದವಳಾಗಿದ್ದರೆ ಅವಳ ಸಹಿ ಎಲ್ಲಕ್ಕಿಂತ ಮೇಲಿರುತ್ತಿತ್ತು. ಹಾಕದೆ ಹೋಗಿದ್ದರೆ, ಯಾಕೆ ಹಾಕಲಿಲ್ಲ ಎಂದು ಕೇಳುವ ಹಕ್ಕು ನಮಗಿರುತ್ತಿತ್ತು. ನಾನು ನಾಯಕಿಯಾಗಬೇಕು ಅನ್ನುವುದು ಆ ಮೊದಲ ಸಹಿ ಹಾಕುವುದಕ್ಕೆ.

ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಅಮ್ಮನ ಚಿಂತೆ. ಅಮ್ಮಾ, ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೇ ಮೀಸಲು. ಅಲ್ಲಿಗೆ ಗೆದ್ದು ಹೋದವರ ಪರವಾಗಿ ಗಂಡಂದಿರು ಮಾತಾಡುವುದನ್ನು ನೀನೇ ನೋಡಿ ಬೇಸರಪಟ್ಟವಳು. ಸಭೆಯಲ್ಲಿ ಎದ್ದು ನಿಂತು ಮಾತಾಡುವ ಅಭ್ಯಾಸ ನಮಗೆ ಎಲ್ಲಾದರೂ ಆಗಬೇಕಲ್ಲ.

ಉಳಿದದ್ದು ಗೆಳೆಯರ ಆರೋಪ: "ಇವಳಿಗೆ ಮುಂದೆ ರಾಜಕೀಯಕ್ಕೆ ಹೋಗೋ ಆಸೆ." ಇರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಕಾಲೇಜಿನ ಸ್ಥಾನವನ್ನು ಹಿಡಿದುಕೊಂಡು ಕೂರುವುದು ಸಾಧ್ಯವಿಲ್ಲ. ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ಸ್ಪರ್ಧಿಸಬಹುದು ಎಂದು ಅದೇ ಸಮಿತಿ ಹೇಳಿದೆ. ಗೆದ್ದರೆ ನನಗೆ ಸಿಗುವುದು ಒಂದು ವರ್ಷ. ಶೌಚಾಲಯಕ್ಕೆ ನೀರು, ಕೊನೆಯ ಪಿರಿಯಡ್ ಮುಗಿದ ಮೇಲೆ ಹೊರಡುವಂತೆ ಒಂದು ಬಸ್ಸು, ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್ ಜೋಡಣೆಯಾಗದೆ ಸೈಬರ್ ಸೆಂಟರಿಗೂ ಬ್ಯಾಂಕಿಗೂ ಅಲೆಯುವವರಿಗೆ ಕಾಲೇಜಿನಲ್ಲೇ ಒಂದು ಮೇಜು. ಇಷ್ಟಕ್ಕೆ ಆ ವರ್ಷ ಸಾಕು.