ಹಾಳೆ ಬಂಡಿಗೆ ಕೆಂಪು ಬಣ್ಣ

ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ, ಸೋಗೆಯ ತುದಿ ಹಿಡಿದು ಇನ್ನೊಬ್ಬ ಅಂಗಳದ ತುಂಬ ಎಳೆದಾಡುವ ಆಟ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಕ್ಕಳಿಗೆ ಹೊಸತೇನಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಂಗಳದಲ್ಲಿ ಅದೇ ಹಾಳೆ ಅಗ್ನಿಶಾಮಕ ದಳದ ವಾಹನವಾಗಿತ್ತು. ಕೂತವನ ಕೈಯಲ್ಲಿ ಪಪ್ಪಾಯಿ ದಂಟಿನ ಪೈಪು, ಎಳೆಯುವವಳ ಬಾಯಲ್ಲಿ ಸೈರನ್ನು. ಬೆಂಕಿ ಬಿದ್ದದ್ದು ಕೆಂಪು ದಾಸವಾಳದ ಗಿಡಕ್ಕೆ. ಎರಡು ಚೆಂಬು ನೀರಿಗೆ ಬೆಂಕಿ ಆರಿತು, ಚಪ್ಪಾಳೆಯೂ ಆಯಿತು.

"ಒಳಗೆ ಯಾರಾದರೂ ಇದ್ದರಾ?" ಎಂದು ನಾನು ಕೇಳಿದೆ. ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಎಲ್ಲರಿಗೂ ಬೇಕಾದದ್ದು ಬೆಂಕಿ ಆರಿಸುವವರ ಪಾತ್ರ. ಒಳಗೆ ಸಿಕ್ಕಿಬಿದ್ದವರ ಪಾತ್ರ ಯಾರಿಗೂ ಬೇಡ.

ಇಲ್ಲೇ ಇರುವುದು ಎಡವಟ್ಟು. ಐದಾರು ವರ್ಷದ ಮಗು ನಿಜವಾದ ಬೆಂಕಿಯ ಎದುರು ಆರಿಸುವವನಾಗಬೇಕಿಲ್ಲ, ಆಗಲೂ ಬಾರದು. ಅದರ ಕೆಲಸ ಎರಡೇ: ಹೊರಗೆ ಓಡಿ ಬರುವುದು, ದೊಡ್ಡವರಿಗೆ ಹೇಳುವುದು. ಆಟದಲ್ಲಿ ಬರೀ ಶೂರನ ವೇಷವನ್ನೇ ಹಾಕಿಸುತ್ತಾ ಹೋದರೆ ನಾಳೆ ಅದು ಚೆಂಬು ಹಿಡಿದು ಬೆಂಕಿಯತ್ತಲೇ ಹೋದೀತು.

ಅದಕ್ಕಿಂತ ಹೆಚ್ಚಿನ ಅಪಾಯ ಅಡಗಿಕೊಳ್ಳುವುದರಲ್ಲಿದೆ. ನಾನು ಚಿಕ್ಕವನಿದ್ದಾಗ ನೆರೆಮನೆಯ ಬಚ್ಚಲು ಕೊಟ್ಟಿಗೆಗೆ ಬೆಂಕಿ ಬಿತ್ತು. ಹಂಡೆಯ ಒಲೆಗೆ ತುರುಕಿದ್ದ ಒಣ ಮಡಲು ಹೊರಗೆ ಜಾರಿ, ಪಕ್ಕದಲ್ಲಿ ರಾಶಿ ಹಾಕಿದ್ದ ತೆಂಗಿನ ಸಿಪ್ಪೆಗೆ ಹಿಡಿದು, ಸೋಗೆಯ ಮಾಡಿಗೆ ಏರಿತ್ತು. ಊರವರೆಲ್ಲ ಬಾವಿಯಿಂದ ನೀರು ಸೇದಿ ಹಾಕುತ್ತಿದ್ದಾಗ ಆ ಮನೆಯ ಅಜ್ಜಿ, "ಕುಂಞಿ ಎಲ್ಲಿ?" ಎಂದು ಕೂಗಿಕೊಂಡರು. ಅರ್ಧ ಗಂಟೆ ಹುಡುಕಿದ ಮೇಲೆ ಹುಡುಗ ಸಿಕ್ಕಿದ್ದು ಒಳಕೋಣೆಯ ಮಂಚದ ಅಡಿಯಲ್ಲಿ. ಮಡಲು ತುರುಕಿದ್ದವನು ಅವನೇ. ಬೆಂಕಿಗಿಂತ ಅವನಿಗೆ ಅಪ್ಪನ ನಾಗರಬೆತ್ತದ ಹೆದರಿಕೆಯೇ ದೊಡ್ಡದಾಗಿತ್ತು. ಗಾಳಿ ಮನೆಯ ಕಡೆಗೆ ಬೀಸಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನ ಮೊದಲ ವಿನಂತಿ ಆಟದ ಬಗ್ಗೆ ಅಲ್ಲ, ಮಾತಿನ ಬಗ್ಗೆ. "ಬೆಂಕಿ ಯಾರಿಂದ ಆದರೂ ಸರಿ, ಓಡಿ ಬಂದು ಹೇಳಿದವರಿಗೆ ಪೆಟ್ಟಿಲ್ಲ" ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ.

ಇನ್ನು ಆಟ. ಅಪ್ಪನೋ ಮಾವನೋ ಮಳೆಗಾಲದ ರೈನ್‌ಕೋಟು, ಬೈಕಿನ ಹೆಲ್ಮೆಟ್ಟು ಹಾಕಿ, ಮೂಗು ಬಾಯಿಗೆ ಬೈರಾಸು ಕಟ್ಟಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ಕತ್ತಲೆ ಕೋಣೆಗೆ ಬರಲಿ. ಮಗು ಅಡಗಬಾರದು, "ನಾನಿಲ್ಲಿ" ಎಂದು ಕೂಗಬೇಕು. ತಮಾಷೆಯಂತೆ ಕಂಡರೂ ಇದರಲ್ಲಿ ಕಾರಣವಿದೆ. ಹೊಗೆಯೊಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿ ಮುಖವಾಡ ಧರಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತಿರುತ್ತಾರೆ. ಉಸಿರಾಟದ ಸದ್ದೂ ಬೇರೆಯಾಗಿ ಕೇಳುತ್ತದೆ. ಗೊತ್ತಿಲ್ಲದ ಮಗುವಿಗೆ ಅದು ಬಣ್ಣದ ವೇಷದ ರಾಕ್ಷಸನಂತೆಯೇ ಕಂಡೀತು. ಕಾಪಾಡಲು ಬಂದವರಿಂದಲೇ ಅದು ಓಡಿಹೋದೀತು.

ಹೊಗೆಯ ಆಟವೂ ಸುಲಭ. ಒಂದು ಹಳೆಯ ಸೀರೆಯನ್ನು ಇಬ್ಬರು ಸೊಂಟದ ಎತ್ತರಕ್ಕೆ ಹಿಡಿಯಲಿ. ಅದೇ ಹೊಗೆ. ಬಿಸಿ ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಸೀರೆಗೆ ತಲೆ ತಾಗದಂತೆ ಅಂಬೆಗಾಲಿಕ್ಕಿ ಬಾಗಿಲು ಸೇರಿದವರು ಗೆದ್ದರು. ಅಡುಗೆ ಗ್ಯಾಸಿನ ಸ್ವಭಾವ ಮಾತ್ರ ತದ್ವಿರುದ್ಧ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಕೆಟ್ಟ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಹೊರಗೆ ಬಂದು ಹೇಳಬೇಕೆಂಬುದನ್ನು ಮಕ್ಕಳು ಬೇರೆಯೇ ಪಾಠವಾಗಿ ಕಲಿಯಬೇಕು.

"ನಿಲ್ಲು, ಮಲಗು, ಉರುಳು" ಎಂಬುದು ಮಕ್ಕಳಿಗೆ ಬಹಳ ಪ್ರೀತಿ. ಚಾಪೆಯ ಮೇಲೆ ಉರುಳುವುದೆಂದರೆ ಯಾರಿಗೆ ಬೇಡ? ಆದರೆ ಒಂದು ಎಚ್ಚರ. ಇದನ್ನು ಕಲಿತ ಹುಡುಗಿಯೊಬ್ಬಳನ್ನು "ಕೈಗೆ ಬಿಸಿ ಚಹಾ ಬಿದ್ದರೆ ಏನು ಮಾಡ್ತಿ?" ಎಂದು ಕೇಳಿದರೆ, "ಉರುಳ್ತೇನೆ" ಎಂದಳು! ಉರುಳುವುದು ಉಟ್ಟ ಬಟ್ಟೆಗೆ ಬೆಂಕಿ ಹಿಡಿದರೆ ಮಾತ್ರ. ಮೈ ಸುಟ್ಟರೆ ನಳ್ಳಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟು, ಶಾಯಿ ಯಾವುದೂ ಬೇಡ. ಇದನ್ನು ಗೊಂಬೆಯ ಕೈಗೆ ಮಾಡಿಸಿ ಕಲಿಸಬಹುದು.

ಫೋನಿನ ಆಟ ನಮ್ಮ ಜಿಲ್ಲೆಗೆ ವಿಶೇಷವಾಗಿ ಬೇಕು. 101 ಅಥವಾ 112 ಎಂದು ಒತ್ತುವುದನ್ನು ಮಕ್ಕಳು ಕ್ಷಣದಲ್ಲಿ ಕಲಿಯುತ್ತಾರೆ. ಕಷ್ಟವಿರುವುದು "ಎಲ್ಲಿ?" ಎಂಬ ಪ್ರಶ್ನೆಗೆ. ನಮ್ಮಲ್ಲಿ ಬೀದಿಯ ಸಾಲಿಲ್ಲ, ಮನೆಗೆ ನಂಬರಿಗಿಂತ ಹೆಸರೇ ಗುರುತು. ಅದೂ ಅಲ್ಲದೆ, ಬಂಟ್ವಾಳದಲ್ಲಿ ಬಡಗಬೆಳ್ಳೂರು, ತೆಂಕಬೆಳ್ಳೂರು ಎರಡೂ ಇವೆ. ಬೆಳ್ತಂಗಡಿಯಲ್ಲಿ ಬಡಗಕಾರಂದೂರು, ತೆಂಕಕಾರಂದೂರು. ಮೂಡುಬಿದಿರೆಗೆ ಬಂದರೆ ಬಡಗಮಿಜಾರು, ತೆಂಕಮಿಜಾರು. ಸಾಲದ್ದಕ್ಕೆ ಪಡುಮಾರ್ನಾಡು, ಮೂಡುಮಾರ್ನಾಡು. ಗಾಬರಿಯಲ್ಲಿ ಬರೀ "ಮಿಜಾರು" ಎಂದರೆ ವಾಹನ ಯಾವ ದಿಕ್ಕಿಗೆ ತಿರುಗಬೇಕು? ತಾಲೂಕು, ಗ್ರಾಮದ ಪೂರ್ತಿ ಹೆಸರು, ಮುಖ್ಯ ರಸ್ತೆಯಿಂದ ಒಳಗೆ ತಿರುಗುವಲ್ಲಿ ಇರುವ ಶಾಲೆ, ಭಜನಾ ಮಂದಿರ ಅಥವಾ ಹಾಲಿನ ಡೈರಿ, ಆಮೇಲೆ ಮನೆಯ ಹೆಸರು. ಈ ಕ್ರಮದಲ್ಲಿ ಹೇಳಿಸಿ. ಅಜ್ಜ ಕಂಟ್ರೋಲ್ ರೂಮಿನವರಾಗಿ ಬೇಕೆಂದೇ ಎರಡೆರಡು ಸಲ ಕೇಳಲಿ, ಮಗು ಸಿಟ್ಟಾಗದೆ ಎರಡೆರಡು ಸಲ ಹೇಳಲಿ. ಮೂರು ತಾಲೂಕು ಕೇಂದ್ರಗಳಲ್ಲೂ ಅಗ್ನಿಶಾಮಕ ಠಾಣೆಗಳಿವೆ ನಿಜ. ಆದರೆ ಸುಮಾರು 4,500 ಲೀಟರ್ ನೀರು ಹೊತ್ತ ವಾಹನ ಬೆಳ್ತಂಗಡಿಯಿಂದ ಘಟ್ಟದ ಬುಡದ ನೆರಿಯ, ಶಿಶಿಲ, ದಿಡುಪೆಯಂಥ ಕಡೆಗೆ ತಲುಪಲು ಹೊತ್ತು ಬೇಕೇ ಬೇಕು. ದಾರಿ ತಪ್ಪಿದರೆ ಇನ್ನೂ ತಡ.

ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ಏಪ್ರಿಲ್ 14ರಿಂದ 20ರವರೆಗೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ತುಂಬಿದ್ದ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ತೀರಿಕೊಂಡರು. ಅವರ ನೆನಪಿನ ವಾರ ಅದು. ನಮ್ಮಲ್ಲಿ ಆಗ ಬಿಸು ಹಬ್ಬ, ಶಾಲೆಗಳಿಗೆ ರಜೆ. ಹಾಗಾಗಿ ಪ್ರಾತ್ಯಕ್ಷಿಕೆ ಶಾಲೆಯ ಮಕ್ಕಳ ಕಣ್ಣಿಗೆ ಬೀಳುವುದು ಕಡಿಮೆ. ಬೇಸಿಗೆ ಶಿಬಿರ ನಡೆಸುವವರು ಹಾಡು, ಕ್ರಾಫ್ಟಿನ ನಡುವೆ ಒಂದು ಬೆಳಗ್ಗೆ ಠಾಣೆಯವರನ್ನು ಕೇಳಿಕೊಂಡು ಮಕ್ಕಳನ್ನು ಕರೆದೊಯ್ಯಬಹುದಲ್ಲ.

ದೊಡ್ಡ ಮಕ್ಕಳಿಗೆ, ಅಂದರೆ ಪ್ರೈಮರಿ ಮುಗಿಸುವವರಿಗೆ, ಕಾರಣಗಳನ್ನು ಹೇಳಿ. ಯಕ್ಷಗಾನದಲ್ಲಿ ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿ ನೋಡಿ ಅದನ್ನು ಮನೆಯಲ್ಲಿ ಮಾಡಿ ನೋಡುವ ಆಸೆ ಯಾವ ಹುಡುಗನಿಗಿಲ್ಲ? ರಾಳದ ಗಟ್ಟಿ ನಿಧಾನ ಉರಿಯುತ್ತದೆ. ಪುಡಿಯ ಕಣಕಣಕ್ಕೂ ಗಾಳಿ ತಾಗುವುದರಿಂದ ಒಮ್ಮೆಗೇ ಉರಿಯುತ್ತದೆ. ಗೋಧಿ ಹಿಟ್ಟೂ ಹಾಗೆಯೇ. ಜಾತ್ರೆ, ನೇಮದ ಮರುದಿನ ಗದ್ದೆಯಲ್ಲಿ ಸಿಡಿಯದೆ ಉಳಿದ ಗರ್ನಲ್ ಹೆಕ್ಕುವ ಚಟವೂ ನಮ್ಮ ಮಕ್ಕಳಿಗಿದೆ. 2024ರ ಜನವರಿ 28ರಂದು ವೇಣೂರಿನ ಹತ್ತಿರ ಪಟಾಕಿ ತಯಾರಿಕಾ ಘಟಕದಲ್ಲಿ ಸ್ಫೋಟವಾಗಿ ಮೂವರು ಸತ್ತದ್ದನ್ನು ಅವರಿಗೆ ನೆನಪಿಸಬೇಕು. ಕಸುಬಿನವರ ಕೈಯಲ್ಲೇ ಸಿಡಿಯುವ ಮದ್ದು ಅದು.

ಪೆಂಡಾಲಿನ ಆಟವೊಂದು ಉಳಿಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಬೆಂಕಿಯ ಜೊತೆಗೆ ನೂಕುನುಗ್ಗಲೂ ಜೀವ ತೆಗೆಯಿತು. ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಹೋಗಲಿ, ಮೇಳದ ಆಟಕ್ಕೆ ಹೋಗಲಿ, ಕೂರುವ ಮೊದಲು "ಎರಡನೇ ದಾರಿ ಯಾವುದು?" ಎಂದು ಮಕ್ಕಳನ್ನು ಕೇಳಿ. ಮೊದಲು ಕಂಡುಹಿಡಿದವರಿಗೆ ಚರುಮುರಿ.

ನಮ್ಮ ಅಂಗಳದಲ್ಲಿ ಆಮೇಲೆ ಆಟ ಬದಲಾಯಿತು. ಮನೆಯೊಳಗಿಂದ ಅಂಬೆಗಾಲಿಕ್ಕಿ ಬಂದು ಗೇಟಿನ ಬಳಿಯ ಹಲಸಿನ ಮರದಡಿ ಸೇರಬೇಕು, ಅಲ್ಲಿ ತಲೆ ಎಣಿಸಬೇಕು ಎಂದು ನಿಯಮವಾಯಿತು. ಮೊದಲ ಸಲ ಎಣಿಸಿದಾಗ ಐದಿರಬೇಕಾದಲ್ಲಿ ನಾಲ್ಕೇ ಇತ್ತು.

"ಚಿಕ್ಕವಳು ಎಲ್ಲಿ?"

"ಗೊಂಬೆ ತರ್ಲಿಕ್ಕೆ ಪುನಃ ಒಳಗೆ ಹೋದ್ಲು ಮಾವಾ."

ಎಲ್ಲರನ್ನೂ ಒಳಗೆ ಕಳುಹಿಸಿ ಆಟವನ್ನು ಮೊದಲಿನಿಂದ ಶುರು ಮಾಡಿದೆವು.