ಅವ್ವನ ದಾರಕ್ಕೂ ಒಂದು ಚೀಲ ಬೇಕು

ಕಸದಿಂದ ರಸ ಪ್ರದರ್ಶನಕ್ಕೆ ನಾನು ತಂದಿಟ್ಟಿದ್ದ ಚೀಲವನ್ನು ನೀವೆಲ್ಲರೂ ನೋಡಿದ್ದೀರಿ. ಕೆಲವರು ಚಲೋ ಐತಿ ಅಂದರು. ಬಹಳ ಮಂದಿ ನಕ್ಕರು. "ಗಂಡುಹುಡುಗ ಆಗಿ ಸೂಜಿ ಹಿಡಿತೀಯೇನಲೇ" ಎಂದವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ, ಅವರಿಗೇ ಗೊತ್ತು. ಅವತ್ತು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಈಗ ಗೋಡೆ ಪತ್ರಿಕೆಯಲ್ಲಿ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಅವ್ವ ಹೊಲದ ಕೆಲಸ ಇಲ್ಲದ ದಿನ ಕ್ರೋಶಾ ಸೂಜಿಯಿಂದ ಉಲ್ಲನ್ ದಾರದ ತೋರಣ, ಕೂಸುಗಳ ಟೊಪ್ಪಿಗೆ ಹೆಣೆಯುತ್ತಾಳೆ. ಊರಿನವರು ಹೇಳಿ ಮಾಡಿಸಿಕೊಂಡು ರೊಕ್ಕ ಕೊಡುತ್ತಾರೆ. ನನ್ನ ನೋಟಬುಕ್ಕು ಆ ರೊಕ್ಕದಲ್ಲೇ ಬರುತ್ತವೆ. ಅಪ್ಪನ ಕುಡಗೋಲಿಗೆ, ಕುರ್ಪಿಗೆ ಗೋಡೆಯಲ್ಲಿ ಗೂಟ ಐತಿ. ಅವುಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ಅವ್ವನ ದಾರ ಮಾತ್ರ ಒಂದು ಹರಕು ಪ್ಲಾಸ್ಟಿಕ್ ಚೀಲದಾಗ ಹೊರಸಿನ ಕೆಳಗೆ ಬಿದ್ದಿರುತ್ತಿತ್ತು. (ಪ್ಲಾಸ್ಟಿಕ್ ಕೈಚೀಲಗಳು 2016ರಲ್ಲೇ ನಮ್ಮ ರಾಜ್ಯದಾಗ ಬಂದ್ ಆಗ್ಯಾವ. ಆದರೂ ನಮ್ಮ ಮನ್ಯಾಗ ಅದಾವ. ಅದು ಬೇರೆ ಮಾತು.) ಸೂಜಿ ಚೀಲ ತೂರಿ ಹೊರಗೆ ಬರುತ್ತಿತ್ತು, ಉಂಡೆಯನ್ನು ಬೆಕ್ಕು ಎಳೆದುಕೊಂಡು ಒಲೆಯ ತನಕ ಹೋಗುತ್ತಿತ್ತು.

ಒಂದು ಸಂಜೆ ಅರ್ಧ ಹೆಣೆದ ತೋರಣದ ಮೇಲೆ ಚಹಾ ಚೆಲ್ಲಿತು. ಚೆಲ್ಲಿದವನು ನಾನೇ. ಬಿಳಿ ದಾರ, ಎಷ್ಟು ತೊಳೆದರೂ ಕಲೆ ಹೋಗಲಿಲ್ಲ. ಮಾಡಿಸಿದವರು ಅರ್ಧ ರೊಕ್ಕ ಅಷ್ಟೇ ಕೊಟ್ಟರು. ಅವ್ವ ನನ್ನನ್ನು ಬೈಯಲಿಲ್ಲ. "ಹಾದ್ಯಾಗ ಇಟ್ಟಿದ್ದು ನಂದ ತಪ್ಪು ಬಿಡಪಾ" ಅಂದಳು. ಅದು ಹೆಂಗ ಅಕಿ ತಪ್ಪು ಆಗತೈತಿ? ಇಡಲಿಕ್ಕೆ ಅಕಿಗೆ ಜಾಗವೇ ಇರಲಿಲ್ಲ. ಅವತ್ತೇ ಚೀಲ ಹೊಲಿಯಬೇಕು ಅಂತ ಮನಸ್ಸು ಮಾಡಿದೆ.

ಒಂದು ರೂಪಾಯಿ ಖರ್ಚಾಗಲಿಲ್ಲ. ಆಯಿಯ ಹಳೆ ಇಳಕಲ್ಲ ಸೀರೆ ಇತ್ತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆಯಿಯ ಸೀರೆ ಒಡಲೆಲ್ಲ ಜಾಳಾಗಿತ್ತು, ಕೆಂಪು ಸೆರಗು ಇನ್ನೂ ಗಟ್ಟಿ ಇತ್ತು. ಪಾತ್ರೆ ಮಾರುವಾಕಿಗೆ ಕೊಟ್ಟು ಒಂದು ಸ್ಟೀಲ್ ಬಟ್ಟಲು ತಗೊಳ್ಳೋಣ ಅಂತ ಮಾತಾಗಿತ್ತು. ಆಯಿ ಕೌದಿಗೆ ಬೇಕು ಅನ್ನುತ್ತಿದ್ದಳು. ನಾನು ಕತ್ತರಿ ತಂದರೆ, "ಸೀರಿಗೆ ಕತ್ತರಿ ಹಚ್ಚಬ್ಯಾಡೋ" ಎಂದು ಕಸಿದುಕೊಂಡು, ತಾನೇ ಕೈಯಿಂದ ಪರ್ರನೆ ಹರಿದು ಕೊಟ್ಟಳು. ಹಾಗೆ ಹರಿದರೆ ಅಂಚು ನೆಟ್ಟಗೆ ಬರುತ್ತದೆ.

ಹೊರಗೆ ಸೆರಗು, ಒಳಗೆ ಅಸ್ತರಕ್ಕೆ ಅಪ್ಪನ ಧೋತರ, ತಳಕ್ಕೆ ಗೊಬ್ಬರದ ಖಾಲಿ ಚೀಲದ ತುಂಡು (ಎರಡು ಸಲ ತೊಳೆದದ್ದು). ಅಣ್ಣನ ಹಳೆ ಪ್ಯಾಂಟಿನ ಕಿಸೆಯನ್ನು ಸೂಜಿ ಇಡಲು ಒಳಗೆ ಹಚ್ಚಿದೆ. ಸೂಜಿಯ ತುದಿಗೆ ಹರಿದ ಹವಾಯಿ ಚಪ್ಪಲಿಯ ತುಣುಕು ಚುಚ್ಚಿಟ್ಟರೆ ಅದು ಯಾರಿಗೂ ನಡುವುದಿಲ್ಲ. ಬಾಯಿಗೆ ಲಾಡಿ. ಮುಖ್ಯವಾದದ್ದು ಅಂಗಿಯ ಕಾಜಾ. ಅಪ್ಪನ ಹಳೆ ಅಂಗಿಯ ಗುಂಡಿ ಪಟ್ಟಿಯನ್ನು ಮಗ್ಗುಲಿಗೆ ಹಚ್ಚಿ, ಅಲ್ಲಿ ಹಿಂದಿನ ಬಟ್ಟೆಗೆ ಒಂದು ಸಣ್ಣ ಕಿಂಡಿ ಮಾಡಿದೆ. ಈಗ ಉಂಡೆ ಚೀಲದಾಗೇ ಇರುತ್ತದೆ, ದಾರದ ತುದಿ ಮಾತ್ರ ಕಾಜಾದಿಂದ ಹೊರಗೆ ಬರುತ್ತದೆ. ಅವ್ವ ಎಳೆದ ಹಾಗೆ ಒಳಗೆ ಉಂಡೆ ತಿರುಗುತ್ತದೆ. ಬೆಕ್ಕು ಸುಮ್ಮನೆ ನೋಡುತ್ತಾ ಕುಂತಿರತೈತಿ!

ಮೊದಲನೇ ಸಲ ಒಂದೇ ಎಳೆಯಿಂದ ಹೊಲಿದಿದ್ದೆ. ಎತ್ತಿದ ಕೂಡಲೇ ತಳ ಬಿಚ್ಚಿ ಎಲ್ಲಾ ಕೆಳಗೆ ಬಿತ್ತು. ಆಯಿ ಬಿದ್ದು ಬಿದ್ದು ನಕ್ಕು, ಆಮೇಲೆ ಎರಡೆಳೆ ಮಾಡಿ, ಒಂದು ಹೊಲಿಗೆ ಹಿಂದಕ್ಕೆ ಹಾಕಿ ಮುಂದೆ ಹೋಗುವುದನ್ನು ಕಲಿಸಿದಳು. ನನ್ನ ಬೆರಳಿಗೆ ಏಳು ಸಲ ಸೂಜಿ ಚುಚ್ಚಿತು. ನಾಲ್ಕು ದಿನ ಹಿಡಿಯಿತು. ನಕ್ಕವರು ಒಂದು ಸಲ ಹೊಲಿದು ನೋಡಲಿ.

ಇನ್ನು ಇದು ಹೆಣ್ಣುಮಕ್ಕಳ ಕೆಲಸ ಎಂಬ ಮಾತು. ಹಾಗಾದರೆ ಪ್ಯಾಟಿಯೊಳಗೆ ಮಷೀನಿನ ಮುಂದೆ ಕುಂತ ಸಿಂಪಿಗರು ಯಾರು? ಗಂಡಸರೇ. ಇಳಕಲ್ಲಿನಲ್ಲಿ ಮಗ್ಗದ ಮೇಲೆ ಗಂಡಸರೂ ಕೂಡುತ್ತಾರೆ. ರೊಕ್ಕಕ್ಕೆ ಅಂಗಡಿಯಲ್ಲಿ ಹೊಲಿದರೆ ಉದ್ಯೋಗ, ಮನೆಯಲ್ಲಿ ಹೊಲಿದರೆ ಹೆಂಗಸರ ಕೆಲಸ, ಇದು ಯಾವ ಲೆಕ್ಕ? ನಮ್ಮ ಜಿಲ್ಲೆಯ ಕೂಡಲಸಂಗಮದ ಬಸವಣ್ಣನವರ ಜೊತೆಗೆ ಹಡಪದ ಅಪ್ಪಣ್ಣ ಇದ್ದರು ಎಂದು ನಾವು ಓದಿದ್ದೇವೆ. ಹಡಪ ಅಂದರೆ ಎಲೆ ಅಡಿಕೆಯ ಚೀಲ. ಅವರ ಕೆಲಸದ ಚೀಲವೇ ಅವರ ಹೆಸರಾಯಿತು. ನಮ್ಮೂರ ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿಸಿದ ರಾಣಿಯ ಹೆಸರಿನ ಜೊತೆಗೆ ಕಟ್ಟಿದ ಆಚಾರಿ ಗುಂಡನ ಹೆಸರೂ ಶಾಸನದಲ್ಲಿ ಐತಿ. ಗುಡಿ ನೋಡಲು ಬರುವವರಿಗೆ ನಾವೇ ಅದನ್ನು ತೋರಿಸುತ್ತೇವೆ. ನಮ್ಮ ಅವ್ವ ಹೆಣೆದ ತೋರಣ ಎಷ್ಟು ಬಾಗಿಲಿಗೆ ಅದಾವ ಅಂತ ನೀವು ಯಾರಾದರೂ ಎಣಿಸಿದ್ದೀರೇನು?

ಗುರುಗಳಲ್ಲಿ, ಅಕ್ಕೋರಲ್ಲಿ ನನ್ನದೊಂದು ವಿನಂತಿ. ಕಾರ್ಯಾನುಭವದ ಪಿರಿಯಡ್ಡಿನಲ್ಲಿ ಹುಡುಗಿಯರಿಗೆ ಸೂಜಿ, ನಮಗೆ ಗುದ್ದಲಿ ಕೊಡುತ್ತೀರಿ. ಒಂದು ತಿಂಗಳು ಅದಲು ಬದಲು ಮಾಡಿ ನೋಡಿರಿ. ಹುಡುಗಿಯರು ಗುದ್ದಲಿ ಹಿಡಿಯುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಹೊಲದಲ್ಲಿ ದಿನಾ ಹಿಡಿಯುತ್ತಾರೆ.

ಪ್ರದರ್ಶನ ಮುಗಿದ ಮೇಲೆ ಚೀಲ ಮನೆಗೆ ಹೋಯಿತು. ಅಪ್ಪ ಏನೂ ಮಾತಾಡಲಿಲ್ಲ. ಮರುದಿನ ನೋಡಿದರೆ ಕುಡಗೋಲಿನ ಪಕ್ಕಕ್ಕೆ ಹೊಸದೊಂದು ಗೂಟ ಬಡಿದಿದ್ದ. ಚೀಲ ಈಗ ಅಲ್ಲೇ ತೂಗತೈತಿ. ಹೊಲಿಯಲು ಕಲಿಯಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬರ್ರಿ, ಆಯಿ ಹೇಳಿಕೊಡತಾಳ. ಸೂಜಿ ಮಾತ್ರ ನೀವೇ ತರಬೇಕು, ನಮ್ಮ ಮನ್ಯಾಗ ಇರೋದು ಎರಡೇ.

– ಏಳನೆಯ ತರಗತಿಯ ವಿದ್ಯಾರ್ಥಿ