ಇಸ್ಪೀಟಿನೆಲೆಗೆ ಹಿಂಬಾಗಿಲು

ಸಪ್ತವ್ಯಸನಗಳಲ್ಲಿ ಮೊದಲನೆಯದು ಜೂಜು. ಅದಕ್ಕೆ ಅಂಜಿ ಇಸ್ಪೀಟಿನೆಲೆಯನ್ನು ಮನೆಯೊಳಗೆ ಬಿಡದ ಶ್ರಾವಕ ಕುಟುಂಬಗಳಲ್ಲಿಯೇ ಕೆಲವರು ಇಂದು ಮಗನ ಉದ್ಯೋಗ, ಅಂಗಡಿಯ ಲಾಭನಷ್ಟಗಳ ಬಗೆಗೆ ಟ್ಯಾರೋ ಕಾರ್ಡುಗಳನ್ನು ಕೇಳತೊಡಗಿರುವುದು ವಿಷಾದಕರ.

ಈ ಎಲೆಗಳು ಹದಿನೈದನೆಯ ಶತಮಾನದ ಇಟಲಿಯಲ್ಲಿ ಹುಟ್ಟಿದ್ದು ಕೇವಲ ಆಟಕ್ಕಾಗಿ. ಅವುಗಳಲ್ಲಿ ಪ್ರಾಚೀನ ಈಜಿಪ್ಟಿನ ಗೂಢಜ್ಞಾನ ಅಡಗಿದೆಯೆಂದು ಫ್ರಾನ್ಸಿನ ಕೂರ್ ದ ಜೆಬೆಲಾಂ ಆಧಾರವಿಲ್ಲದೆ ಬರೆದದ್ದು 1781ರಲ್ಲಿ. ಇಂದು ಬಹುವಾಗಿ ಬಳಕೆಯಲ್ಲಿರುವ 78 ಎಲೆಗಳ ಚಿತ್ರಮಾಲೆ ಲಂಡನ್ನಿನಲ್ಲಿ ಪ್ರಕಟವಾದದ್ದು 1909ರಲ್ಲಿ.

ಇದು ಭವಿಷ್ಯಕ್ಕಲ್ಲ, ಮನಸ್ಸನ್ನು ಅರಿಯಲಿಕ್ಕೆ ಎಂದು ಸಮರ್ಥಿಸುವವರುಂಟು. ಅದಕ್ಕೆ ಸಾಮಾಯಿಕ, ಸ್ವಾಧ್ಯಾಯಗಳು ಸಾಲವೆ? ಲಾಭಕ್ಕೆ ಅಡ್ಡಬರುವುದು ಲಾಭಾಂತರಾಯ ಕರ್ಮ. ಅದನ್ನು ಕಟ್ಟಿಕೊಂಡವನು ಜೀವನೇ, ಕಳೆಯಬೇಕಾದವನೂ ಅವನೇ. ಕಲಸಿಟ್ಟ ಎಲೆಗಳ ಕಟ್ಟು ಅದನ್ನು ಅರಿಯದು, ಅಳಿಸದು. ಮೂರು ಬಗೆಯ ಮೂಢತೆಗಳಿಂದ ಮುಕ್ತವಾದ ಶ್ರದ್ಧೆಯೇ ಸಮ್ಯಗ್ದರ್ಶನವೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾರಿದ್ದಾರೆ. ಹಾಗಿರುವಾಗ, ಜಾತಕ ಹಿಡಿದು ಮನೆಮನೆ ಅಲೆಯುವ ಹಿರಿಯರು ಕಿರಿಯರನ್ನು ಮಾತ್ರ ದೂರುವಂತಿಲ್ಲ.

ಕೆಲಸ ಕಾಣದ ತರುಣನ ಅಂಜಿಕೆ ಸುಳ್ಳಲ್ಲ. ಅದಕ್ಕೆ ಸಮಾಜ ಕಿವಿಗೊಡದಿದ್ದರೆ ಅವನು ಎಲೆ ಹರಡುವವರ ಮುಂದೆ ಕೂರುತ್ತಾನೆ. ಬಸದಿಯ ಆಡಳಿತ ಮಂಡಳಿಗಳು ವಾರಕ್ಕೊಮ್ಮೆ ಅನುಭವಿ ವರ್ತಕರನ್ನೂ ಶಿಕ್ಷಕರನ್ನೂ ಲೆಕ್ಕಪರಿಶೋಧಕರನ್ನೂ ಸಭಾಮಂಟಪದಲ್ಲಿ ಕೂರಿಸಿ ಅವನ ಪ್ರಶ್ನೆಗಳನ್ನು ಕೇಳಿಸಲಿ. ಕಲಶ ಹರಾಜಿಗೆ ಕೂಡುವಷ್ಟೇ ಉತ್ಸಾಹದಿಂದ ಈ ಕಾರ್ಯಕ್ಕೂ ಕೂಡುವುದು ಶ್ರಾವಕಧರ್ಮ.